ಹಳೆಯ ಸ್ವರ, ಹೊಸ ವಾಕ್ಯ: ಬಾಖ್‌ನ ಬಿ ಮೈನರ್ ಬಲಿಪೂಜೆಯನ್ನು ಕುರಿತು

ಚಲನಚಿತ್ರದ ಧಾಟಿಗೆ ಭಕ್ತಿಯ ಮಾತುಗಳನ್ನು ಹೊಂದಿಸಿ ಬಲಿಪೂಜೆಯಲ್ಲಿ ಹಾಡಬಹುದೇ ಎಂಬ ಪ್ರಶ್ನೆ ಆರಾಧನಾವಿಧಿಯ ತರಗತಿಯಲ್ಲಿ ಪ್ರತಿವರ್ಷವೂ ಏಳುತ್ತದೆ. ಕೂಡದು ಎನ್ನುವವರು ಧರ್ಮಸಭೆಯ ವಿಧಿಪತ್ರಗಳನ್ನು ಮುಂದಿಡುತ್ತಾರೆ. ಆಗಬಹುದು ಎನ್ನುವವರಲ್ಲಿ ಪಾಶ್ಚಾತ್ಯ ಸಂಗೀತ ಬಲ್ಲ ಒಬ್ಬನಿದ್ದರೆ ಯೊಹಾನ್ ಸೆಬಾಸ್ಟಿಯನ್ ಬಾಖ್‌ನ ಹೆಸರು ಬಂದೇ ಬರುತ್ತದೆ. ಅರಸನನ್ನು ಹೊಗಳಲು ಬರೆದ ಸಂಗೀತವನ್ನೇ ಅವನು ಬಲಿಪೂಜೆಯ ‘ಒಸಾನ್ನ’ ಘೋಷಕ್ಕೆ ಬಳಸಿಕೊಳ್ಳಲಿಲ್ಲವೇ? ಅವನಿಗೆ ಸಲ್ಲುವುದು ನಮ್ಮ ಧರ್ಮಕೇಂದ್ರದ ಗಾನವೃಂದಕ್ಕೆ ಏಕೆ ಸಲ್ಲದು?

ಪ್ರಶ್ನೆ ನ್ಯಾಯವಾದದ್ದು. ಬಾಖ್ ಮಹಾಪ್ರತಿಭೆ, ನಾವು ಸಾಮಾನ್ಯರು ಎಂದು ಹೇಳಿ ಬಾಯಿ ಮುಚ್ಚಿಸುವುದು ಉತ್ತರವಾಗದು. ಉತ್ತರ ಬೇಕಾದರೆ ಕೃತಿಯೊಳಗೇ ಹೋಗಿ, ಎರವಲು ತಂದ ಸ್ವರಗಳನ್ನು ಬಲಿಪೂಜೆಯ ವಾಕ್ಯವು ಏನು ಮಾಡಿತು ಎಂದು ನೋಡಬೇಕು. ಈ ಲೇಖನದ ಉದ್ದೇಶ ಅಷ್ಟೇ. ಸಂಗೀತಶಾಸ್ತ್ರಜ್ಞರ ಕೆಲಸವನ್ನು ನಾನು ಇಲ್ಲಿ ಮಾಡುವುದಿಲ್ಲ. ಅವರು ಸ್ಥಾಪಿಸಿದ ಸಂಗತಿಗಳನ್ನು ದೈವಶಾಸ್ತ್ರದ ಕಣ್ಣಿನಿಂದ ಓದುತ್ತೇನೆ.

ನಾಲ್ಕು ಕಟ್ಟುಗಳ ಒಂದು ಕೃತಿ

‘ಬಿ ಮೈನರ್ ಬಲಿಪೂಜೆ’ ಎಂಬ ಹೆಸರು ಬಾಖ್ ಇಟ್ಟದ್ದಲ್ಲ. ಅವನ ಹಸ್ತಪ್ರತಿಗೆ ಒಟ್ಟಾರೆಯಾಗಿ ಒಂದು ಶೀರ್ಷಿಕೆಯೇ ಇಲ್ಲ. ಅದರಲ್ಲಿರುವುದು ನಾಲ್ಕು ಕಟ್ಟುಗಳು: ‘ಕೀರಿಯೆ’ ಮತ್ತು ‘ಗ್ಲೋರಿಯ’ಗಳನ್ನೊಳಗೊಂಡ ‘ಮಿಸ್ಸಾ’, ವಿಶ್ವಾಸ ಪ್ರಮಾಣವಾದ ‘ಸಿಂಬೊಲುಮ್ ನಿಸೇನುಮ್’, ‘ಸಾಂಕ್ತುಸ್’, ಕಡೆಗೆ ‘ಒಸಾನ್ನ’ದಿಂದ ‘ದೋನ ನೋಬಿಸ್ ಪಾಚೆಮ್’ ಎಂಬ ಶಾಂತಿಯಾಚನೆಯವರೆಗಿನ ಭಾಗಗಳು. ಬಿ ಮೈನರ್ ಕೂಡ ಕೃತಿಯ ಆರಂಭದ ಶ್ರುತಿ ಮಾತ್ರ; ಕಹಳೆ, ನಗಾರಿಗಳು ಮೊಳಗುವ ಡಿ ಮೇಜರೇ ಒಟ್ಟಿನಲ್ಲಿ ಇಲ್ಲಿ ಮೇಲುಗೈ ಪಡೆದಿದೆ.

ಈ ಕಟ್ಟುಗಳು ಒಂದೇ ಕಾಲದವೂ ಅಲ್ಲ. ‘ಸಾಂಕ್ತುಸ್’ ಲೈಪ್ಸಿಗ್ ನಗರದಲ್ಲಿ 1724ರ ಕ್ರಿಸ್ತಜಯಂತಿಯ ಆರಾಧನೆಗಾಗಿ ಬರೆದದ್ದು. ‘ಮಿಸ್ಸಾ’ 1733ರದು. ಆ ವರ್ಷ ಸ್ಯಾಕ್ಸನಿಯ ಅರಸು ಎರಡನೆಯ ಫ್ರೀಡ್ರಿಖ್ ಆಗಸ್ಟ್ ಪಟ್ಟಕ್ಕೆ ಬಂದಾಗ ಬಾಖ್ ಅದನ್ನು ಡ್ರೆಸ್ಡೆನ್‌ಗೆ ಕಳುಹಿಸಿ, ಜೊತೆಗೊಂದು ಮನವಿಯನ್ನಿಟ್ಟು ಆಸ್ಥಾನದ ಬಿರುದನ್ನು ಬೇಡಿದನು. ಲೈಪ್ಸಿಗ್‌ನಲ್ಲಿ ತನಗೆ ಅನ್ಯಾಯವಾಗುತ್ತಿದೆ, ವರಮಾನ ಕುಗ್ಗಿದೆ ಎಂಬ ಅಳಲೂ ಆ ಮನವಿಯಲ್ಲಿದೆ. ಅರಸು ಕ್ಯಾಥೊಲಿಕನು, ಅವನ ತಂದೆ ಪೋಲೆಂಡಿನ ಕಿರೀಟಕ್ಕಾಗಿ ಮತ ಬದಲಿಸಿದವನು. ಬಿರುದು ದೊರೆಯಲು 1736ರವರೆಗೆ ಕಾಯಬೇಕಾಯಿತು. ವಿಶ್ವಾಸ ಪ್ರಮಾಣವೂ ಕಡೆಯ ಭಾಗಗಳೂ ಸೇರಿ ಕೃತಿ ಪೂರ್ಣಗೊಂಡದ್ದು 1748-49ರ ಸುಮಾರಿಗೆ, ಬಾಖ್‌ನ ಕಣ್ಣು ಮಂಜಾಗಿ ಬರವಣಿಗೆಯ ಕೈ ನಡುಗುತ್ತಿದ್ದಾಗ. 1750ರ ಜುಲೈ 28ರಂದು ಅವನು ತೀರಿಕೊಂಡನು. ಕೃತಿಯನ್ನು ಇಡಿಯಾಗಿ ಅವನ ಜೀವಿತಕಾಲದಲ್ಲಿ ಹಾಡಿದ ದಾಖಲೆಯಿಲ್ಲ. ಮಗ ಕಾರ್ಲ್ ಫಿಲಿಪ್ ಎಮಾನುಯೆಲ್ 1786ರಲ್ಲಿ ಹ್ಯಾಂಬರ್ಗ್‌ನಲ್ಲಿ ವಿಶ್ವಾಸ ಪ್ರಮಾಣವನ್ನು ಮಾತ್ರ ಹಾಡಿಸಿದನು. ಸಮಗ್ರ ಗಾಯನ ಲೈಪ್ಸಿಗ್‌ನಲ್ಲಿ ನಡೆದದ್ದು 1859ರಲ್ಲಿ.

ಲೂಥರನ್ ಸಭೆಯ ಸಂಗೀತಗಾರನೊಬ್ಬನು ಯಾವ ದೇವಾಲಯವೂ ಕೇಳದ ಲತೀನ್ ಬಲಿಪೂಜೆಯನ್ನು ಬದುಕಿನ ಸಂಜೆಯಲ್ಲಿ ಏಕೆ ಪೂರ್ಣಗೊಳಿಸಿದನು ಎಂಬುದಕ್ಕೆ ಊಹೆಗಳು ಹಲವು. ಅವುಗಳಲ್ಲಿ ಬಹು ಜನಪ್ರಿಯವಾದದ್ದು, ಬಾಖ್ ಇಲ್ಲಿ ಸಭಾಭೇದಗಳನ್ನೆಲ್ಲ ಮೀರಿದನು ಎಂಬುದು. ಕ್ರೈಸ್ತ ಐಕ್ಯತೆಯ ಸಪ್ತಾಹದ ಭಾಷಣಗಳಿಗೆ ಇದು ಒಪ್ಪುವ ಮಾತು. ಕೃತಿ ಅದನ್ನು ಪೂರ್ತಿ ಒಪ್ಪುವುದಿಲ್ಲ. ಮಗನ ಆಸ್ತಿಯ ಪಟ್ಟಿಯಲ್ಲಿ, 1790ರಲ್ಲಿ, ಇದನ್ನು ಮಹಾ ಕ್ಯಾಥೊಲಿಕ್ ಬಲಿಪೂಜೆಯೆಂದು ಕರೆದದ್ದು ನಿಜ. ಆದರೆ ‘ಗ್ಲೋರಿಯ’ದಲ್ಲಿ ಕ್ರಿಸ್ತನ ಹೆಸರಿನೊಂದಿಗೆ ‘ಅತ್ಯುನ್ನತ’ ಎಂಬ ವಿಶೇಷಣವನ್ನು ಸೇರಿಸುವ ಲೈಪ್ಸಿಗ್‌ನ ವಾಡಿಕೆಯನ್ನು ಬಾಖ್ ಬಿಡಲಿಲ್ಲ. ‘ಸಾಂಕ್ತುಸ್’ನಲ್ಲಿ ರೋಮಿನ ಪಾಠ ‘ನಿನ್ನ’ ಮಹಿಮೆ ಎಂದರೆ ಇಲ್ಲಿ ‘ಆತನ’ ಮಹಿಮೆ ಎಂದಿದೆ. ಅವನು ತನ್ನ ಸಭೆಯ ಪಾಠವನ್ನು ಹಿಡಿದುಕೊಂಡೇ ಅಖಿಲ ಧರ್ಮಸಭೆಯ ಪ್ರಾರ್ಥನೆಯನ್ನು ಹಾಡಿದನು. ಐಕ್ಯತೆಯ ಬಗ್ಗೆ ಇದು ಕಲಿಸುವ ಪಾಠ, ಭೇದಗಳನ್ನು ಮರೆತು ಆಡುವ ಸವಿಮಾತಿಗಿಂತ ಹೆಚ್ಚು ಪ್ರಾಮಾಣಿಕವಾದದ್ದು.

ಕಣ್ಣೀರಿನಿಂದ ಶಿಲುಬೆಗೆ

ಈಗ ಎರವಲಿನ ಪ್ರಶ್ನೆಗೆ ಬರೋಣ. ಈ ಕೃತಿಯ ಬಹುಪಾಲು, ಬಾಖ್ ಬೇರೆ ಬೇರೆ ಸಂದರ್ಭಗಳಿಗೆ ಬರೆದಿದ್ದ ಕಂತಾತಗಳಿಂದ ಬಂದದ್ದು. ಹಳೆಯ ಸಂಗೀತಕ್ಕೆ ಹೊಸ ಮಾತು ಹೊಂದಿಸುವುದು ಆ ಕಾಲದಲ್ಲಿ ಮಾನ್ಯವಾದ ಪದ್ಧತಿ, ಅದರಲ್ಲಿ ಅಪಮಾನವಿರಲಿಲ್ಲ. ಗಮನಿಸಬೇಕಾದದ್ದು, ಯಾವುದನ್ನು ಎಲ್ಲಿಗೆ ತಂದನು, ತಂದ ಮೇಲೆ ಏನನ್ನು ತಿದ್ದಿದನು ಎಂಬುದನ್ನು.

ಎಲ್ಲಕ್ಕಿಂತ ತೂಕದ ಉದಾಹರಣೆ ವಿಶ್ವಾಸ ಪ್ರಮಾಣದ ‘ಕ್ರುಚಿಫಿಕ್ಸುಸ್’. ಕ್ರಿಸ್ತನನ್ನು ಶಿಲುಬೆಗೇರಿಸಿದ ವಾಕ್ಯವಿದು. ಇದರ ಸಂಗೀತ 1714ರದು. ವೈಮಾರ್‌ನಲ್ಲಿದ್ದ 29 ವರ್ಷದ ಬಾಖ್ ಪುನರುತ್ಥಾನ ಕಾಲದ ಒಂದು ಭಾನುವಾರಕ್ಕೆ ಬರೆದ ಕಂತಾತದ್ದು. ಮೂಲದಲ್ಲಿ ಅದು ವಿಶ್ವಾಸಿಯ ಅಳಲಿನ ಹಾಡು: ಯೇಸುವಿನ ಗುರುತನ್ನು ಹೊತ್ತವರಿಗೆ ಕಣ್ಣೀರೇ ಅನ್ನ ಎಂಬುದು ಅದರ ಭಾವ. ಮಂದ್ರದಲ್ಲಿ ನಾಲ್ಕು ಮಾತ್ರಾಗಣಗಳ ಒಂದು ಸ್ವರಪಂಕ್ತಿ ಅರ್ಧ ಅರ್ಧ ಸ್ವರವಾಗಿ ಇಳಿಯುತ್ತದೆ, ಮತ್ತೆ ಮೊದಲಿನಿಂದ ಇಳಿಯುತ್ತದೆ. ಅದರ ಮೇಲೆ ಕಂಠಗಳು ಒಂದರ ನಂತರ ಒಂದು ಬಂದು ಕೊರಗುತ್ತವೆ.

ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ ಅದನ್ನು ಕೈಗೆತ್ತಿಕೊಂಡ ಬಾಖ್ ನಾಲ್ಕು ಕೆಲಸ ಮಾಡಿದನು. ಹಾಡುವವರು ಬಾಯಿ ತೆರೆಯುವ ಮೊದಲು ಮಂದ್ರದ ಪಂಕ್ತಿಯನ್ನು ವಾದ್ಯಗಳಿಂದ ಒಮ್ಮೆ ಕೇಳಿಸಿದನು. ಉದ್ದವಾಗಿ ನಿಲ್ಲುತ್ತಿದ್ದ ಮಂದ್ರಸ್ವರಗಳನ್ನು ಒಡೆದು, ಒಂದೊಂದು ಸ್ವರವೂ ಪೆಟ್ಟಿನಂತೆ ಮರುಕಳಿಸುವ ಹಾಗೆ ಮಾಡಿದನು. ಕೊಳಲುಗಳನ್ನು ಸೇರಿಸಿದನು. ಕಡೆಗೆ, ಸಮಾಧಿಯ ಮಾತು ಬರುವಲ್ಲಿ, ಕೊಳಲುಗಳೂ ಪಿಟೀಲುಗಳೂ ಮೌನವಾಗಿ, ಕಂಠಗಳು ಮೆಲ್ಲಗೆ ತಗ್ಗಿಗೆ ಇಳಿಯುವ ಹದಿಮೂರನೆಯ ಆವೃತ್ತಿಯೊಂದನ್ನು ಬರೆದನು. ಅಲ್ಲಿಯವರೆಗೆ ಹನ್ನೆರಡು ಸಲ ಇ ಮೈನರ್‌ಗೇ ಮರಳಿದ್ದ ಸಂಗೀತ ಇಲ್ಲಿ ಅನಿರೀಕ್ಷಿತವಾಗಿ ಜಿ ಮೇಜರ್‌ನಲ್ಲಿ ನೆಲೆಗೊಳ್ಳುತ್ತದೆ. ಸಮಾಧಿಯ ಬಾಗಿಲಲ್ಲಿ ಬೆಳಕು ಬಿದ್ದಂತಾಗುತ್ತದೆ. ಮರುಕ್ಷಣವೇ ಪೀಠಿಕೆಯಿಲ್ಲದೆ ‘ಎತ್ ರೆಸುರ್ರೆಕ್ಸಿತ್’, ಪುನರುತ್ಥಾನದ ಘೋಷ, ಸಿಡಿಯುತ್ತದೆ.

ಈ ಸ್ಥಳಾಂತರದ ದೈವಶಾಸ್ತ್ರೀಯ ದಿಕ್ಕನ್ನು ಗಮನಿಸಬೇಕು. ಹಳೆಯ ಹಾಡು ನಮ್ಮ ದುಃಖದ್ದಾಗಿತ್ತು. ಅದರಲ್ಲಿ ಕ್ರಿಸ್ತನ ಗುರುತಿತ್ತು. ಹೊಸ ವಾಕ್ಯದಲ್ಲಿ ಅದೇ ಸ್ವರಗಳು ಕ್ರಿಸ್ತನ ದುಃಖವಾಗುತ್ತವೆ; ಅದರಲ್ಲಿ ನಮ್ಮ ಗುರುತಿದೆ. ಆತನು ನಮ್ಮ ಸಂಕಟಗಳನ್ನು ಹೊತ್ತುಕೊಂಡನೆಂದು ಯೆಶಾಯನ ಪ್ರವಾದನೆಯನ್ನು ವಿವರಿಸುವಾಗ ನಾವು ತರಗತಿಯಲ್ಲಿ ಬಹಳ ಪದಗಳನ್ನು ವ್ಯಯಿಸುತ್ತೇವೆ. ಇಲ್ಲಿ ಅದು ಎರವಲಿನ ಕ್ರಮದಲ್ಲಿಯೇ ನಡೆದುಹೋಗಿದೆ. ‘ಗ್ಲೋರಿಯ’ದ ‘ಕ್ವಿ ತೋಲ್ಲಿಸ್’ ಭಾಗವೂ ಇದೇ ಜಾಡಿನದು: 1723ರ ಕಂತಾತದಲ್ಲಿ ಆ ಸಂಗೀತ ಪ್ರಲಾಪಗಳ ಗ್ರಂಥದಲ್ಲಿ ಜೆರುಸಲೇಮ್ ತನ್ನ ನೋವನ್ನು ನೋಡಿರೆಂದು ಕರೆಯುವ ಮಾತಿಗೆ ಸೇರಿತ್ತು, ಇಲ್ಲಿ ಲೋಕದ ಪಾಪವನ್ನು ಹೊರುವ ಕುರಿಮರಿಗೆ ಸೇರಿದೆ. ಎರಡೂ ಕಡೆ ಎರವಲು ಒಂದು ವ್ಯಾಖ್ಯಾನವಾಗಿದೆ.

ಮಧ್ಯದಲ್ಲಿ ಶಿಲುಬೆ

ವಿಶ್ವಾಸ ಪ್ರಮಾಣದ ವಿನ್ಯಾಸ ಇದನ್ನು ದೃಢಪಡಿಸುತ್ತದೆ. ಮೊದಲು ಬರೆದಾಗ ಬಾಖ್ ಮನುಷ್ಯಾವತಾರದ ಮಾತುಗಳನ್ನು ‘ಎತ್ ಇನ್ ಊನುಮ್’ ಎಂಬ ಯುಗಳಗಾನದ ಕೊನೆಯಲ್ಲಿ ಸೇರಿಸಿದ್ದನು. ಆಮೇಲೆ ಮನಸ್ಸು ಬದಲಿಸಿ, ಹೊಸದಾಗಿ ‘ಎತ್ ಇನ್‌ಕಾರ್ನಾತುಸ್’ ಎಂಬ ವೃಂದಗಾನವನ್ನು ಬೇರೊಂದು ಹಾಳೆಯಲ್ಲಿ ಬರೆದು ಹಸ್ತಪ್ರತಿಯಲ್ಲಿ ಸೇರಿಸಿದನು. ಯುಗಳಗಾನದ ಮಾತುಗಳನ್ನು ಮರುಹಂಚಿಕೆ ಮಾಡಿದನು. ಈ ಒಂದು ಹಾಳೆಯಿಂದ ಭಾಗಗಳು ಒಂಬತ್ತಾದವು. ನಡುವಿನ ಐದನೆಯದು ‘ಕ್ರುಚಿಫಿಕ್ಸುಸ್’ ಆಯಿತು. ಅದರ ಎಡಬಲಗಳಲ್ಲಿ ಅವತಾರ ಮತ್ತು ಪುನರುತ್ಥಾನ. ಅವುಗಳಾಚೆ ಸುತನನ್ನೂ ಪವಿತ್ರಾತ್ಮರನ್ನೂ ಕುರಿತ ಏಕಾಂತ ಕಂಠಗಳ ಗಾನ. ಎರಡು ತುದಿಗಳಲ್ಲಿ ಜೋಡಿ ವೃಂದಗಾನಗಳು. ವಯಸ್ಸಾದವನ ಅತ್ಯಂತ ಹೊಸ ರಚನೆಗಳಲ್ಲೊಂದು, ಅವನ ಯೌವನದ ಅತ್ಯಂತ ಹಳೆಯ ರಚನೆಯ ಪಕ್ಕದಲ್ಲಿ ಬಂದು ನಿಂತಿತು. ಎರಡರ ನಡುವೆ ಮೂರು ದಶಕಗಳಿಗೂ ಮಿಕ್ಕ ಅಂತರವಿದೆಯೆಂದು ಕೇಳುವ ಕಿವಿಗೆ ತಿಳಿಯುವುದಿಲ್ಲ.

ಆ ಯುಗಳಗಾನದಲ್ಲಿಯೇ ಒಂದು ಸೂಕ್ಷ್ಮವಿದೆ. ಒಂದು ವಾದ್ಯ ನುಡಿಸಿದ ಪದವನ್ನೇ ಇನ್ನೊಂದು ಒಡನೆಯೇ ಹಿಂಬಾಲಿಸುತ್ತದೆ. ಸ್ವರಗಳು ಅವೇ, ಆದರೆ ಒಂದು ಕಡೆ ಬಿಡಿಬಿಡಿಯಾಗಿ, ಇನ್ನೊಂದು ಕಡೆ ಕೂಡಿಸಿ ನುಡಿಸಬೇಕೆಂಬ ಗುರುತುಗಳಿವೆ. ಪಿತನೂ ಸುತನೂ ಒಂದೇ ಸತ್ವ, ಬೇರೆ ವ್ಯಕ್ತಿ ಎಂಬ ನಿಸೇಯದ ಬೋಧನೆಯನ್ನು ವ್ಯಾಖ್ಯಾನಕಾರರು ಇದರಲ್ಲಿ ಕಂಡಿದ್ದಾರೆ. ಇದು ಬಾಖ್‌ನ ಸ್ವಂತ ಹೇಳಿಕೆಯಲ್ಲವಾದ್ದರಿಂದ ಇದರ ಮೇಲೆ ಹೆಚ್ಚು ಭಾರ ಹೊರಿಸಲಾರೆ. ಭಾರ ಹೊರಬಲ್ಲ ಸಾಕ್ಷ್ಯ ‘ಕೊನ್‌ಫಿತೆಯೊರ್’ ಭಾಗದಲ್ಲಿದೆ. ಒಂದೇ ದೀಕ್ಷಾಸ್ನಾನದ ಅಂಗೀಕಾರವನ್ನು ಹಾಡುವ ಐದು ಕಂಠಗಳ ನಡುವೆ ಗ್ರೆಗೋರಿಯನ್ ಗಾನದ ಧಾಟಿ ಕೇಳಿಬರುತ್ತದೆ. ಮೊದಲು ಒಂದನ್ನೊಂದು ಅಟ್ಟುವ ಎರಡು ಕಂಠಗಳಲ್ಲಿ, ಬಳಿಕ ಟೆನರ್ ಕಂಠದಲ್ಲಿ ನೀಳವಾಗಿ. ಇಷ್ಟು ಭದ್ರವಾದ ಕಟ್ಟಡ, ಮೃತರ ಪುನರುತ್ಥಾನದ ಮಾತು ಬಂದ ಕೂಡಲೇ, ಕುಸಿದಂತಾಗುತ್ತದೆ. ಗತಿ ನಿಧಾನಿಸುತ್ತದೆ, ಶ್ರುತಿ ದಿಕ್ಕುತಪ್ಪುತ್ತದೆ, ಕಂಠಗಳು ಕತ್ತಲಲ್ಲಿ ಗೋಡೆ ತಡವಿದಂತೆ ಸಾಗುತ್ತವೆ. ಆಮೇಲೆಯೇ ಕಹಳೆಗಳೊಡನೆ ಅದೇ ಮಾತು ಮತ್ತೆ, ಈ ಸಲ ಹರ್ಷವಾಗಿ, ಬರುತ್ತದೆ. ಆ ಹರ್ಷದ ಸಂಗೀತ ಹಳೆಯ ಕಂತಾತವೊಂದರಿಂದ ಬಂದದ್ದು. ಕತ್ತಲಿನ ಸಂಗೀತವನ್ನು ಬಾಖ್ ಈ ವಾಕ್ಯಕ್ಕಾಗಿಯೇ ಬರೆದನು. ಮರಣದ ಅಂಚಿನಲ್ಲಿ ನಿಂತು ‘ಎದುರುನೋಡುತ್ತೇನೆ’ ಎನ್ನುವುದು ಎಷ್ಟು ಕಷ್ಟವೆಂದು ಅಂತ್ಯಕ್ರಿಯೆಯ ಪೂಜೆ ನಡೆಸಿದ ಪ್ರತಿಯೊಬ್ಬ ಗುರುವಿಗೂ ಗೊತ್ತು. ಆ ಕಷ್ಟವನ್ನು ಹಾರಿಹೋಗುವ ಹಕ್ಕು ಹರ್ಷಕ್ಕೆ ಇಲ್ಲವೆಂದು ಈ ಪುಟ ಹೇಳುತ್ತದೆ.

ಆಕ್ಷೇಪಗಳು

ಇಷ್ಟು ಹೇಳಿದ ಮೇಲೆ, ಈ ಕೃತಿಯ ಮಿತಿಗಳನ್ನು ಮುಚ್ಚಿಟ್ಟರೆ ವಿಮರ್ಶೆಯಾಗದು. ಜಗದ್ಗುರು ಹತ್ತನೆಯ ಭಕ್ತಿನಾಥರು 1903ರ ನವೆಂಬರ್ 22ರಂದು ಹೊರಡಿಸಿದ ಆಜ್ಞಾಪತ್ರದ ಅಳತೆಗೋಲನ್ನು ಹಿಡಿದರೆ ಇದು ಹಲವು ಕಡೆ ಸೋಲುತ್ತದೆ. ಬಲಿಪೂಜೆಯ ಒಂದೊಂದು ಪ್ರಾರ್ಥನೆಯೂ ಅಖಂಡವಾಗಿರಬೇಕು, ತುಂಡುತುಂಡಾದ ಸ್ವತಂತ್ರ ರಚನೆಗಳಾಗಬಾರದು ಎಂದು ಅದು ವಿಧಿಸುತ್ತದೆ. ಬಾಖ್‌ನ ‘ಗ್ಲೋರಿಯ’ ಒಂಬತ್ತು ತುಂಡು. ಗದ್ದಲದ ವಾದ್ಯಗಳು ಬೇಡವೆನ್ನುತ್ತದೆ, ಇಲ್ಲಿ ನಗಾರಿಗಳಿವೆ. ಸಂಗೀತಕ್ಕಾಗಿ ಗುರುವನ್ನು ಪೀಠದ ಬಳಿ ಕಾಯಿಸಬಾರದೆನ್ನುತ್ತದೆ. ಈ ಕೃತಿ ಮುಗಿಯಲು ಎರಡು ಗಂಟೆಗಳಿಗೆ ಸಮೀಪದ ಕಾಲ ಬೇಕು. ಅದೇ ಆಜ್ಞಾಪತ್ರ ಗ್ರೆಗೋರಿಯನ್ ಗಾನವನ್ನೂ ಪಾಲೆಸ್ತ್ರೀನನ ಶೈಲಿಯನ್ನೂ ಮಾದರಿಯಾಗಿ ಎತ್ತಿಹಿಡಿಯುತ್ತದೆಂಬುದು ನಿಜ. 1740ರ ದಶಕದಲ್ಲಿ ಪಾಲೆಸ್ತ್ರೀನನ ಬಲಿಪೂಜೆಯೊಂದನ್ನು ಪ್ರಯೋಗಕ್ಕಾಗಿ ಸಿದ್ಧಪಡಿಸಿದ್ದ ಬಾಖ್ ಆ ಎರಡನ್ನೂ ಬಲ್ಲವನಾಗಿದ್ದನು. ಆದರೂ ಒಟ್ಟು ತೀರ್ಪು ಬದಲಾಗದು.

ಎರಡನೇ ವ್ಯಾಟಿಕನ್ ಮಹಾಸಭೆ 1963ರ ಆರಾಧನಾ ಸಂವಿಧಾನದಲ್ಲಿ ಧರ್ಮಸಭೆಯ ಸಂಗೀತ ನಿಧಿಯನ್ನು ಕಾಪಾಡಬೇಕೆಂದಿತು. ಜೊತೆಗೇ ವಿಶ್ವಾಸಿಗಳ ಸಕ್ರಿಯ ಭಾಗವಹಿಸುವಿಕೆಯನ್ನೂ ಕೇಳಿತು. ಎರಡನ್ನೂ ಒಂದೇ ಭಾನುವಾರದಲ್ಲಿ ಸಾಧಿಸಲು ಈ ಕೃತಿಯಿಂದ ಆಗದು. ಇಲ್ಲಿ ಸಭಿಕರಿಗೆ ಹಾಡಲು ಒಂದು ಮಾತೂ ಇಲ್ಲ. ಆದ್ದರಿಂದ ಇದನ್ನು ಬಲಿಪೂಜೆಯೊಳಗೆ ತರಬೇಕೆಂದು ನಾನು ವಾದಿಸುವುದಿಲ್ಲ.

ಎರವಲುಗಳೂ ಎಲ್ಲ ಕಡೆ ಒಂದೇ ಎತ್ತರದವಲ್ಲ. ತರಗತಿಯಲ್ಲಿ ಉದಾಹರಿಸಲ್ಪಡುವ ‘ಒಸಾನ್ನ’ವನ್ನೇ ನೋಡಿ. 1730ರ ದಶಕದಲ್ಲಿ ಸ್ಯಾಕ್ಸನಿಯ ದೊರೆಗಳನ್ನು ಕೊಂಡಾಡಲು ಬಳಸಿದ್ದ ವೃಂದಗಾನವದು. ಬಾಖ್ ಅದರ ಆರಂಭದ ವಾದ್ಯಪೀಠಿಕೆಯನ್ನು ತೆಗೆದು, ಎಂಟು ಕಂಠಗಳ ಜಯಘೋಷದಿಂದಲೇ ತೊಡಗುವಂತೆ ಮಾಡಿದನು. ಅರಸನ ಮೆರವಣಿಗೆಯ ಕೂಗು ಕತ್ತೆಯ ಮೇಲೆ ಬರುವ ಅರಸನಿಗೆ ಸಲ್ಲಬೇಕಾದದ್ದೇ; ಗರಿಗಳ ಭಾನುವಾರದ ವ್ಯಂಗ್ಯವೂ ಅದೇ. ಅಷ್ಟರ ಮಟ್ಟಿಗೆ ಆಯ್ಕೆ ಸರಿ. ಆದರೆ ‘ಕ್ರುಚಿಫಿಕ್ಸುಸ್’ನಲ್ಲಿ ನಡೆದಂಥ ಒಳಗಿನ ಮಾರ್ಪಾಡು ಇಲ್ಲಿ ಕೇಳಿಸುವುದಿಲ್ಲ. ಆಸ್ಥಾನದ ಸಡಗರ ಉಳಿದೇ ಇದೆ, ಶಿಲುಬೆಯತ್ತ ಹೊರಟವನ ನೆರಳು ಅದರ ಮೇಲೆ ಬಿದ್ದಿಲ್ಲ. ಬಾಖ್‌ನ ಹೆಸರಿನಲ್ಲಿ ವಾದಿಸುವವರು ಅವನ ಅತ್ಯಂತ ದುರ್ಬಲ ಸಾಕ್ಷಿಯನ್ನು ಕಟೆಕಟೆಗೆ ಕರೆದಿದ್ದಾರೆ.

ಕೃತಜ್ಞತೆಯೇ ಶಾಂತಿ

ಕೊನೆಯ ಎರವಲು ಅತ್ಯಂತ ವಿವಾದಾಸ್ಪದವಾದದ್ದು. ‘ದೋನ ನೋಬಿಸ್ ಪಾಚೆಮ್’ಗೆ ಬಾಖ್ ಹೊಸ ಸಂಗೀತ ಬರೆಯಲಿಲ್ಲ, ‘ಗ್ಲೋರಿಯ’ದ ‘ಗ್ರಾತ್ಸಿಯಾಸ್’ ಭಾಗದ, ಅಂದರೆ ದೇವರ ಮಹಿಮೆಗಾಗಿ ಕೃತಜ್ಞತೆ ಸಲ್ಲಿಸುವ ಭಾಗದ, ಸಂಗೀತವನ್ನೇ ಮರಳಿ ತಂದನು. ಅದೂ 1731ರಲ್ಲಿ ಲೈಪ್ಸಿಗ್ ನಗರಸಭೆಯ ವಾರ್ಷಿಕ ಆರಾಧನೆಗಾಗಿ, ಕೃತಜ್ಞತೆಯ ಕೀರ್ತನೆಯೊಂದರ ಮಾತಿಗೆ ಬರೆದದ್ದು. ಮೂಲದಲ್ಲಿ ಎರಡು ವಾಕ್ಯಖಂಡಗಳಿಗೆ ಎರಡು ಸ್ವರವಿಷಯಗಳಿದ್ದವು. ಇಲ್ಲಿ ಒಂದೇ ಪುಟ್ಟ ಬೇಡಿಕೆಯನ್ನು ಎರಡಕ್ಕೂ ಹಂಚಬೇಕಾಯಿತು. ಹೊಂದಿಕೆ ಎಲ್ಲೆಡೆ ಸಲೀಸಾಗಿಲ್ಲ. ಕಣ್ಣು ಕಾಣದ ಮುದುಕನ ಆತುರವಿದು ಎಂದವರಿದ್ದಾರೆ. ಯಾಚನೆಯ ದೀನತೆ ಇಲ್ಲಿಲ್ಲ ಎಂಬ ಆಕ್ಷೇಪವೂ ಇದೆ. ಸ್ವಲ್ಪ ಮುಂಚೆ ಒಂಟಿ ಕಂಠದಲ್ಲಿ ಬಂದ ‘ಆಗ್ನುಸ್ ದೇಯಿ’ಯ ಕರುಣಾಯಾಚನೆಯನ್ನು ಕೇಳಿದ ಕಿವಿಗೆ ಅದು ನಿಜವೆನಿಸುತ್ತದೆ.

ನಾನು ಬಹುಕಾಲ ಈ ಆಕ್ಷೇಪವನ್ನು ಒಪ್ಪಿದ್ದೆನು. ಈಗ ಒಪ್ಪುವುದಿಲ್ಲ. ಆತುರವಿತ್ತೋ ಇಲ್ಲವೋ, ಬಾಖ್‌ನ ಮುಂದೆ ತನ್ನದೇ ನೂರಾರು ವೃಂದಗಾನಗಳಿದ್ದವು. ಅವುಗಳಲ್ಲಿ ಅವನು ಆರಿಸಿದ್ದು ಇದೇ ಕೃತಿಯೊಳಗೆ ಒಮ್ಮೆ ಕೇಳಿಸಿದ್ದ ಕೃತಜ್ಞತೆಯನ್ನು. ಬಲಿಪೂಜೆಯನ್ನು ನಾವು ‘ಯೂಕರಿಸ್ತಿಯ’ ಎನ್ನುತ್ತೇವೆ. ಗ್ರೀಕಿನಲ್ಲಿ ಅದರ ಅರ್ಥ ಕೃತಜ್ಞತಾ ಸಮರ್ಪಣೆ. ಶಾಂತಿಯನ್ನು ಬೇಡುವವರು ಕೃತಜ್ಞತೆಯ ಸ್ವರದಲ್ಲಿ ಬೇಡುತ್ತಾರೆಂದರೆ, ಬೇಡಿದ್ದು ಆಗಲೇ ಕೊಡಲ್ಪಟ್ಟಿದೆ ಎಂದರ್ಥ. ಪುನರುತ್ಥಾನಗೊಂಡ ಪ್ರಭು ಬಾಗಿಲು ಮುಚ್ಚಿದ ಕೋಣೆಯಲ್ಲಿ ಶಿಷ್ಯರಿಗೆ ಶಾಂತಿಯನ್ನು ಕೊಟ್ಟದ್ದು ಅವರು ಬೇಡಿದ ಮೇಲಲ್ಲ. ಮಂದ್ರದಿಂದ ಒಂದೊಂದೇ ಕಂಠವಾಗಿ ಏರುತ್ತ, ಕಹಳೆಗಳನ್ನು ಕೊನೆಗೆ ಸೇರಿಸಿಕೊಳ್ಳುವ ಈ ಸಂಗೀತ ಬೇಡಿಕೆಯನ್ನು ಸ್ವೀಕಾರವಾಗಿ ಕೇಳಿಸುತ್ತದೆ. ಹೊಂದಿಕೆಯ ಒರಟುತನ ಉಳಿದಿದೆ. ಅರ್ಥದ ಹೊಂದಿಕೆ ಅದಕ್ಕಿಂತ ಆಳವಾದದ್ದು.

ಗಾನವೃಂದಕ್ಕೆ ಏನು ಹೇಳೋಣ?

ಧಾಟಿಯ ಎರವಲು ನಮಗೂ ಹೊಸದಲ್ಲ. ಬಾಖ್ ಬೆಳೆದ ಜರ್ಮನ್ ಸಭಾಗೀತೆಗಳ ಪರಂಪರೆಯನ್ನೇ ಬಾಸೆಲ್ ಮಿಶನ್ನಿನವರು 19ನೆಯ ಶತಮಾನದಲ್ಲಿ ನಮ್ಮ ನಾಡಿಗೆ ತಂದು, ಆ ಧಾಟಿಗಳಿಗೆ ಕನ್ನಡದ ಮಾತುಗಳನ್ನು ಹೊಂದಿಸಿದರು. ಮಂಗಳೂರು, ಧಾರವಾಡಗಳ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಆ ಹಾಡುಗಳು ನೆಲೆನಿಂತವು. ಎಲ್ಲ ಎರವಲನ್ನೂ ತಳ್ಳಿಹಾಕಿದರೆ ನಮ್ಮದೇ ಕ್ರೈಸ್ತ ಚರಿತ್ರೆಯ ಒಂದು ಭಾಗವನ್ನು ತಳ್ಳಿಹಾಕಬೇಕಾದೀತು.

ಆದ್ದರಿಂದ ಮುಂದಿನ ಸಲ ಪ್ರಶ್ನೆ ಬಂದಾಗ ನಾನು ಮರುಪ್ರಶ್ನೆಯನ್ನು ಕೇಳುತ್ತೇನೆ. ತಂದ ಧಾಟಿಯನ್ನು ಕೇಳಿದಾಗ ವಿಶ್ವಾಸಿಯ ಮನಸ್ಸು ಎಲ್ಲಿಗೆ ಹೋಗುತ್ತದೆ, ಪೀಠದ ಕಡೆಗೋ ತೆರೆಯ ಕಡೆಗೋ? ಹೊಸ ವಾಕ್ಯಕ್ಕಾಗಿ ಧಾಟಿ ಏನನ್ನಾದರೂ ಬಿಟ್ಟುಕೊಟ್ಟಿದೆಯೇ, ಒಂದು ಮಾತ್ರೆಯನ್ನಾದರೂ? ಅಥವಾ ಧಾಟಿಯ ಪ್ರಾಸಕ್ಕಾಗಿ ಬಲಿಪೂಜೆಯ ಪಾಠವೇ ತಲೆಬಾಗಿದೆಯೇ? ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಕೊನೆಯದು: ಹಾಡಿನ ಅಳತೆಗೆ ಹೊಂದದ್ದರಿಂದ ‘ಮಹಿಮಾಗೀತೆ’ಯ ಅರ್ಧ ಮಾತುಗಳು ಮಾಯವಾಗುತ್ತವೆ. ಬಾಖ್ ಲತೀನ್ ಪಾಠದ ಒಂದು ಪದವನ್ನೂ ಸಂಗೀತದ ಅನುಕೂಲಕ್ಕಾಗಿ ಕೈಬಿಡಲಿಲ್ಲ. ಮೂವತ್ತು ವರ್ಷ ಹಳೆಯ, ಚೆನ್ನಾಗಿಯೇ ಇದ್ದ ತನ್ನ ಸಂಗೀತವನ್ನು ಆ ಪಾಠದ ಒಂದು ಪದಕ್ಕಾಗಿ, ಸಮಾಧಿಯ ಪದಕ್ಕಾಗಿ, ಬಿಚ್ಚಿ ಮತ್ತೆ ಕಟ್ಟಿದನು.

ಬಾಖ್‌ನ ಹೆಸರು ಹೇಳಿ ಎರವಲು ತರಲು ಬಯಸುವವರು ಆ ನಾಲ್ಕು ಮಾತ್ರಾಗಣಗಳನ್ನು ಮೊದಲು ಕೇಳಲಿ. ಆಮೇಲೆ ತಮ್ಮ ಧಾಟಿಯನ್ನು ಕೈಗೆತ್ತಿಕೊಳ್ಳಲಿ.